ಕಟ್ಟು ನೀರು ಮತ್ತು ನಿನ್ನ ಮೂರು ಕೋರ್ಸುಗಳು

ಪ್ರೀತಿಯ ಗೆಳೆಯಾ,

ಭಾನುವಾರ ರಾತ್ರಿ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಕರೆಂಟ್ ಹೋಗಿತ್ತು, ಸೊಳ್ಳೆ ಬೇರೆ. "ಆನ್‌ಲೈನ್ ಕೋರ್ಸನ್ನು ಅದು ಹೇಗೋ ಬಿಡದೆ ಕಲೀತೀಯ? ನಾನು ಮೂರು ತಗೊಂಡಿದ್ದೀನಿ, ನನಗೆ ಒಂದು ವಾರ ದಾಟುವುದಿಲ್ಲ" ಅಂದೆ ನೀನು. "ಸುಮ್ನೆ ಕಲೀತೀನಿ ಅಷ್ಟೇ" ಅಂದುಬಿಟ್ಟೆ ನಾನು. ಅದು ಸುಳ್ಳು. ಸುಮ್ನೆ ಏನೂ ಆಗಲಿಲ್ಲ. ಅದಕ್ಕೇ ಈ ಪತ್ರ. ನಿನ್ನ ಹಾಗೆ ಒದ್ದಾಡುವವರು ಇನ್ನೂ ಇದ್ದಾರೆ ಅಂತ ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ, ನಿನ್ನ ಹೆಸರು ಬರೆದಿಲ್ಲ.

ಮೊದಲು ನನ್ನ ಮಾನ ನಾನೇ ಕಳೆದುಕೊಳ್ಳುತ್ತೇನೆ. ಮೂರು ವರ್ಷದ ಹಿಂದೆ ಒಂದು ಕಂಪನಿಯವರು ಫೋನ್ ಮಾಡಿ ಮಾಡಿ 18,000 ರೂಪಾಯಿಯ ಕೋರ್ಸು ಮಾರಿದರು. ಒಂಬತ್ತು ಕಂತು. "ಸಾರ್, ಜೀವನಪೂರ್ತಿ ಯಾವಾಗ ಬೇಕಾದರೂ ನೋಡಬಹುದು" ಅಂದರು. ಆ ಮಾತಿಗೇ ನಾನು ಮರುಳಾದದ್ದು. ನಾಲ್ಕು ವಿಡಿಯೋ ನೋಡಿದೆ. ಕಂತು ಮಾತ್ರ ಒಂಬತ್ತು ತಿಂಗಳೂ ತಪ್ಪದೆ ಹೋಯಿತು. ನನ್ನ ಹೆಸರಿನಲ್ಲಿ ತಪ್ಪದೆ ನಡೆದ ಮೊದಲ ಕೆಲಸ ಅದೇ ಇರಬೇಕು. ಅದನ್ನೂ ಬ್ಯಾಂಕೇ ಮಾಡಿತು.

ಸೋಮಾರಿತನ ಅಂತ ನನ್ನನ್ನು ನಾನೇ ಬೈದುಕೊಂಡು ಒಂದು ವರ್ಷ ಕಳೆದೆ. ಆಮೇಲೆ ಒಂದು ರಾತ್ರಿ ಅಪ್ಪನ ಜೊತೆ ಗದ್ದೆಗೆ ಹೋಗಿದ್ದೆ. ನಮ್ಮದು ವಿ.ಸಿ. ನಾಲೆಯ, ಅಂದರೆ ವಿಶ್ವೇಶ್ವರಯ್ಯ ಕಾಲುವೆಯ ನೀರು, ನಿನಗೆ ಗೊತ್ತಲ್ಲ. ಕಟ್ಟು ಪದ್ಧತಿ. ಇಷ್ಟು ದಿನ ಬಿಡುತ್ತಾರೆ, ಇಷ್ಟು ದಿನ ನಿಲ್ಲಿಸುತ್ತಾರೆ. ನಮ್ಮ ಸರದಿ ರಾತ್ರಿ ಎರಡು ಗಂಟೆಗೆ ಬಂದಿತ್ತು. ಅಪ್ಪನಿಗೆ ಅರವತ್ತೆಂಟು. ಮಂಡಿ ನೋವು. ಆದರೂ ಒಂದೂವರೆಗೇ ಎದ್ದು ಸನಿಕೆ, ಬ್ಯಾಟರಿ ಹಿಡಿದು ಬದುವಿನ ಮೇಲೆ ಕೂತಿದ್ದರು. ಪಕ್ಕದ ಗದ್ದೆಯವರಿಗೆ ಬೋರ್‌ವೆಲ್ ಇದೆ. ಅವರು ಮಲಗಿದ್ದರು. ಅವರ ಕಬ್ಬು ಒಣಗುತ್ತಿತ್ತು ಕಣೋ! ನೀರು ನೆಲದೊಳಗೇ ಇದೆ, ನಾಳೆ ಬಿಟ್ಟರಾಯಿತು ಅಂತ. ಅಪ್ಪ ಅದನ್ನು ತೋರಿಸಿ ಏನೂ ಹೇಳಲಿಲ್ಲ. ಮಡೆ ತಿರುಗಿಸಿ ಬೀಡಿ ಹಚ್ಚಿದರು.

ನನಗೆ ಮಾತ್ರ ಆ 18,000 ನೆನಪಾಯಿತು. ಜೀವನಪೂರ್ತಿ ಅಂದರೆ ಇವತ್ತಲ್ಲ ಅಂತ ತಾನೇ ಅರ್ಥ?

ಮೈಸೂರಿನಲ್ಲೇ 1935ರಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ರೇಡಿಯೋ ಕೇಂದ್ರ ಶುರು ಮಾಡಿದರು. ಆಕಾಶವಾಣಿ ಅನ್ನುವ ಹೆಸರು ಮೊದಲು ಬಂದದ್ದು ಆ ಕೇಂದ್ರಕ್ಕೆ. ಮನೆಯಲ್ಲೇ ಕೂತು ಕಲಿಯುವುದು ನಮ್ಮೂರಿಗೆ ಹೊಸದಲ್ಲ. ಆದರೆ ರೇಡಿಯೋ ಯಾರಿಗೂ ಕಾಯುವುದಿಲ್ಲ. ಸಂಜೆ ರೈತರ ಕಾರ್ಯಕ್ರಮ ಬರುವ ಹೊತ್ತಿಗೆ ಅಪ್ಪ ಕೈಕಾಲು ತೊಳೆದು ಹಾಜರಿರುತ್ತಿದ್ದರು. ಮೊಬೈಲು ಎಷ್ಟು ಹೊತ್ತಾದರೂ ಕಾಯುತ್ತದೆ. ನಾವು ಕೆಡುವುದು ಅಲ್ಲೇ.

ಇದು ನಮ್ಮಿಬ್ಬರ ಕಥೆ ಮಾತ್ರ ಅಲ್ಲ. ಅಮೆರಿಕದ ಹಾರ್ವರ್ಡ್ ಮತ್ತು ಎಂಐಟಿ ವಿಶ್ವವಿದ್ಯಾಲಯಗಳು 2012ರಿಂದ 2018ರವರೆಗೆ ಕೊಟ್ಟ ಆನ್‌ಲೈನ್ ಕೋರ್ಸುಗಳ ಲೆಕ್ಕವನ್ನು ಸಂಶೋಧಕರು 2019ರಲ್ಲಿ ಪ್ರಕಟಿಸಿದರು. ಹೆಸರು ಬರೆಸಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಕೋರ್ಸಿನ ಒಳಗೇ ಕಾಲಿಟ್ಟಿರಲಿಲ್ಲ. ಕೊನೆಯ ವರ್ಷ ಮುಗಿಸಿದವರು ನೂರಕ್ಕೆ ಮೂರು. ನೀನು ಎರಡನೇ ವಿಡಿಯೋವರೆಗೆ ಹೋಗಿದ್ದೀಯ. ಆ ಲೆಕ್ಕದಲ್ಲಿ ನೀನು ಪರವಾಗಿಲ್ಲ!

ಆ ರಾತ್ರಿ ಆದ ಮೇಲೆ ನಾನು ಹುಡುಕಿದ್ದು ಕಟ್ಟು ನೀರಿನಂಥ ಕೋರ್ಸು. ಸಿಕ್ಕಿದ್ದು ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ಪಾಠಗಳ ಯೋಜನೆ. ಐಐಟಿಗಳೂ ಬೆಂಗಳೂರಿನ ಐಐಎಸ್‌ಸಿಯೂ ಸೇರಿ 2003ರಲ್ಲಿ ಶುರು ಮಾಡಿದ್ದು. ಈಗ ಕೇಂದ್ರ ಸರ್ಕಾರದ ಸ್ವಯಂ ಪೋರ್ಟಲ್‌ನಲ್ಲಿ ಸಿಗುತ್ತದೆ. ಕಲಿಯುವುದು ಪುಕ್ಕಟೆ. ಪರೀಕ್ಷೆ ಬರೆಯುವುದಾದರೆ ಮಾತ್ರ ಶುಲ್ಕ, ನಾನು ಕಟ್ಟಿದಾಗ 1000 ರೂಪಾಯಿ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದವನು ನಾನು, 18,000 ಸುರಿದು. ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆಯ ಕೋರ್ಸು ತಗೊಂಡೆ. ಅದರಲ್ಲಿ ವಾರ ವಾರ ಪಾಠ ಬರುತ್ತಿತ್ತು. ಅಸೈನ್‌ಮೆಂಟಿಗೆ ಬುಧವಾರ ರಾತ್ರಿ 12ಕ್ಕೆ ಒಂದು ನಿಮಿಷ ಇರುವಾಗ ಬಾಗಿಲು ಮುಚ್ಚುತ್ತದೆ. ಆಮೇಲೆ ಯಾರನ್ನು ಬೇಡಿಕೊಂಡರೂ ತೆರೆಯುವುದಿಲ್ಲ, ನಾಲೆಯ ನೀರು ಬಿಡುವ ನೀರಗಂಟಿ ತೂಬು ಇಳಿಸಿದ ಹಾಗೆ. ನನಗೆ ಬೇಕಾಗಿದ್ದು ಆ ನಿರ್ದಾಕ್ಷಿಣ್ಯವೇ.

ಅದರಲ್ಲಿ ಒಂದು ಕರುಣೆಯೂ ಇದೆ. 12 ವಾರದ ಕೋರ್ಸಿನಲ್ಲಿ ಜಾಸ್ತಿ ಅಂಕ ಬಂದ 8 ಅಸೈನ್‌ಮೆಂಟ್ ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಊರಹಬ್ಬಕ್ಕೆ ಒಂದು ವಾರ ಹೋಯಿತು, ಜ್ವರಕ್ಕೆ ಇನ್ನೊಂದು. ಆದರೂ ಮುಳುಗಲಿಲ್ಲ. ಮೈಸೂರಿಗೆ ಹೋಗಿ ಪರೀಕ್ಷೆ ಬರೆದೆ. 58 ಬಂತು. 60 ಬಂದಿದ್ದರೆ ಸರ್ಟಿಫಿಕೇಟಿನಲ್ಲಿ ಎಲೀಟ್ ಅಂತ ಇರುತ್ತಿತ್ತು. ಎರಡು ಅಂಕ! ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹೊತ್ತು ಎಲ್ಲಿಂದ ತಂದೆ ಅಂತ ಕೇಳಿದೆಯಲ್ಲ. ತರಲಿಲ್ಲ, ರೈಲಿನಲ್ಲಿ ಬಿದ್ದಿತ್ತು. ಮಂಡ್ಯದಿಂದ ಮೈಸೂರಿಗೆ ಹತ್ತಿರ ಹತ್ತಿರ 45 ಕಿಲೋಮೀಟರ್. ದಿನಾ ಹೋಗಿ ಬರುವವನು ನಾನು. ಮೊದಲು ಆ ಹೊತ್ತೆಲ್ಲ ರೀಲ್ಸಿಗೆ ಹೋಗುತ್ತಿತ್ತು. ಈಗ ಮಂಡ್ಯ ಸ್ಟೇಷನ್ ಬಿಟ್ಟ ತಕ್ಷಣ ಪಾಠ ಹಾಕುತ್ತೇನೆ. ಯಲಿಯೂರು, ಪಾಂಡವಪುರ ದಾಟಿ ಶ್ರೀರಂಗಪಟ್ಟಣದ ಮೊದಲ ಕಾವೇರಿ ಸೇತುವೆ ಬಂದರೆ ಮುಗಿಯಿತು. ಪಾಠ ಅರ್ಧಕ್ಕಿದ್ದರೂ ಫೋನು ಜೇಬಿಗೆ. ಆಮೇಲೆ ಹೊಳೆ ನೋಡುತ್ತೇನೆ. ಮೊದಮೊದಲು ಜೋಶ್ ಬಂದು ನಾಗನಹಳ್ಳಿವರೆಗೂ ಎಳೆಯುತ್ತಿದ್ದೆ, ಮಾರನೇ ದಿನ ಫೋನು ತೆಗೆಯಲು ಮನಸ್ಸೇ ಬರುತ್ತಿರಲಿಲ್ಲ. ಆರಂಭ ಶೂರತ್ವ ಅಂದರೆ ಇದೇ. ದಾರಿಯಲ್ಲಿ ನೆಟ್ ಕೈಕೊಡುತ್ತದೆ. ಹಾಗಾಗಿ ರಾತ್ರಿಯೇ ಮನೆಯಲ್ಲಿ ಎರಡು ವಿಡಿಯೋ ಇಳಿಸಿಕೊಳ್ಳುತ್ತೇನೆ. ಎರಡೇ. ಇಪ್ಪತ್ತು ಇಳಿಸಿದರೆ ಯಾವುದು ನೋಡಲಿ ಅನ್ನುವುದರಲ್ಲೇ ಪಾಂಡವಪುರ ಬಂದುಬಿಡುತ್ತದೆ.

ನಿನಗೆ ರೈಲಿಲ್ಲ. ಕುವೆಂಪುನಗರದಿಂದ ಕೂರ್ಗಳ್ಳಿಗೆ ಕಂಪನಿ ಬಸ್ಸಿದೆಯಲ್ಲ? ಬಸ್ಸು ಹತ್ತಿದ ಮೇಲೆ ಯಾವ ವೃತ್ತದವರೆಗೆ ಅಂತ ನೀನೇ ಗೆರೆ ಹಾಕಿಕೋ. ಗಡಿಯಾರ ನಂಬಬೇಡ. ಬಸ್ಸು ತಡವಾದ ದಿನ ಗಡಿಯಾರದ ಲೆಕ್ಕ ತಪ್ಪುತ್ತದೆ, ವೃತ್ತ ತಪ್ಪುವುದಿಲ್ಲ.

ಇನ್ನು ನಿನ್ನ ಆ 21 ದಿನದ ಚಾಲೆಂಜು. ವಾಟ್ಸಾಪಿನಲ್ಲಿ ನೀನೇ ಕಳಿಸಿದ್ದೆ, 21 ದಿನ ಮಾಡಿದರೆ ಅಭ್ಯಾಸ ಆಗಿಬಿಡುತ್ತದೆ ಅಂತ. ಒಂಬತ್ತನೇ ದಿನ ತಪ್ಪಿತು ಅಂತ ಬಿಟ್ಟೇಬಿಟ್ಟೆ. ಆ 21 ಎಲ್ಲಿಂದ ಬಂತು ಗೊತ್ತಾ? ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರಲ್ಲಿ ಬರೆದ ಪುಸ್ತಕದಿಂದ. ಮುಖದ ಆಪರೇಷನ್ ಮಾಡಿಸಿಕೊಂಡವರಿಗೆ ಹೊಸ ಮುಖ ರೂಢಿಯಾಗಲು ಕನಿಷ್ಠ ಸುಮಾರು 21 ದಿನ ಬೇಕು ಅಂದಿದ್ದರು ಅವರು. ಕನಿಷ್ಠ ಅನ್ನುವ ಮಾತು ದಾರಿಯಲ್ಲಿ ಉದುರಿಹೋಯಿತು. ನಿನಗೆ ಮೂಗು ಬದಲಾಗಿಲ್ಲ, ಬದಲಾಗಬೇಕಾದ್ದು ಬೆಳಿಗ್ಗೆಯ ಚಾಳಿ. ಅದನ್ನು ನಿಜವಾಗಿ ಅಳೆದವರು ಲಂಡನ್ನಿನ ಫಿಲಿಪಾ ಲ್ಯಾಲಿ ಮತ್ತು ಜೊತೆಯವರು. 2010ರಲ್ಲಿ ಅದು ಅಚ್ಚಾಯಿತು. 96 ಜನ ದಿನಾ ಒಂದು ಸಣ್ಣ ಕೆಲಸ ಹಿಡಿದುಕೊಂಡರು. ಅದು ತಾನಾಗಿ ನಡೆಯುವ ಹಂತಕ್ಕೆ ಸುಮಾರು 66 ದಿನ ಬೇಕಾಯಿತು. ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ 254 ಬೇಕಾಗಬಹುದು ಅಂತ ಅವರ ಲೆಕ್ಕ. ನಿನ್ನ ಒಂಬತ್ತನೇ ದಿನಕ್ಕೂ ಅದರಲ್ಲಿ ಉತ್ತರ ಇದೆ. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವೇನೂ ಆಗಲಿಲ್ಲ. ನನಗೆ ಎಷ್ಟು ದಿನ ಹಿಡಿಯಿತು ಅಂತ ಎಣಿಸಲಿಲ್ಲ. ಒಂದು ದಿನ ಪಾಠ ಹಾಕದೆ ಕೂತಾಗ ಕೈಗೆ ಏನೋ ಕೆಲಸ ಬಿಟ್ಟುಹೋದಂತೆ ಅನ್ನಿಸಿತು. ಅಷ್ಟು ಹೊತ್ತಿಗೆ ಮಳೆಗಾಲ ಮುಗಿದಿತ್ತು.

ಇಂಗ್ಲಿಷು ಅಡ್ಡ ಬರುತ್ತದೆ ಅಂದೆಯಲ್ಲ. ಐಐಟಿ ಬಾಂಬೆಯವರ ಸ್ಪೋಕನ್ ಟ್ಯುಟೋರಿಯಲ್ ನೋಡು. ಒಂದೊಂದು ಪಾಠ ಹತ್ತು ನಿಮಿಷದ ಆಜುಬಾಜು, ಎಷ್ಟೋ ಪಾಠಕ್ಕೆ ಕನ್ನಡದ ಧ್ವನಿ ಇದೆ. ನಾನು ಕಂಪ್ಯೂಟರಿನ ಲೆಕ್ಕದ ಶೀಟು (ಸ್ಪ್ರೆಡ್‌ಶೀಟು) ಕಲಿತದ್ದು ಅಲ್ಲೇ. ನೋಡುತ್ತಾ ಪಕ್ಕದಲ್ಲೇ ಮಾಡಬೇಕು ಅನ್ನುವುದು ಅವರ ಪದ್ಧತಿ. ಸುಮ್ನೆ ನೋಡಿದರೆ ಅಡುಗೆ ವಿಡಿಯೋ ನೋಡಿದ ಹಾಗೆ, ಹೊಟ್ಟೆ ತುಂಬುವುದಿಲ್ಲ. ಪದಗಳಿಗೆ ಆಂಕಿ ಅಂತ ಒಂದು ಆ್ಯಪ್ ಇದೆ. ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೆ ಕೇಳುತ್ತದೆ, ಮಣ್ಣು ಆರಿದ ಮೇಲೆ ಮತ್ತೆ ನೀರು ಬಿಟ್ಟಂತೆ. ಆಂಡ್ರಾಯ್ಡಿನಲ್ಲಿ ಪುಕ್ಕಟೆ. ದಿನಕ್ಕೆ ಐದು ಹೊಸ ಪದ ಸಾಕು. ನಾನು ಐವತ್ತು ಹಾಕಿಕೊಂಡು ನಾಲ್ಕನೇ ದಿನ ಆ್ಯಪನ್ನೇ ಅಳಿಸಿದ್ದೆ.

ಇಷ್ಟೆಲ್ಲ ಆಗಿ ನನಗೆ ಸಿಕ್ಕಿದ್ದೇನು ಅಂತ ಕೇಳುತ್ತೀಯ. ಸಂಬಳ ಹೆಚ್ಚಲಿಲ್ಲ. ತಿಂಗಳ ಕೊನೆಗೆ ಎರಡು ದಿನ ಕೂತು ತಾಳೆ ನೋಡುತ್ತಿದ್ದ ಲೆಕ್ಕ ಈಗ ಅರ್ಧ ಗಂಟೆಗೆ ಮುಗಿಯುತ್ತದೆ. ಉಳಿದ ಹೊತ್ತಿನಲ್ಲಿ ಮ್ಯಾನೇಜರು ಬೇರೆ ಕೆಲಸ ಕೊಡುತ್ತಾರೆ, ಅದು ಬೇರೆ ವಿಷಯ.

ನಿನ್ನ ಮೂರು ಕೋರ್ಸಿನಲ್ಲಿ ಎರಡನ್ನು ಫೋನಿನಿಂದ ತೆಗೆ. ದುಡ್ಡು ಹೋಯಿತು ಅಂತ ಮರುಗಬೇಡ, ಅದು ಆಗಲೇ ಹೋಗಿದೆ. ಉಳಿದ ಒಂದಕ್ಕೆ ವಾರದ ಕಟ್ಟು ಇಲ್ಲವಾದರೆ ನಾನೇ ನೀರಗಂಟಿ ಆಗುತ್ತೇನೆ. ಬುಧವಾರ ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತೇನೆ. ಮೂರನೇ ವಿಡಿಯೋದಲ್ಲಿ ಏನಿತ್ತು ಅಂತ ಕನ್ನಡದಲ್ಲಿ ಹೇಳಬೇಕು. ಗೊತ್ತಿಲ್ಲದಿದ್ದರೆ ಫೋನ್ ಎತ್ತಬೇಡ, ನನಗೆ ತಿಳಿಯುತ್ತದೆ.

ಶನಿವಾರ ಊರಿಗೆ ಬರುತ್ತೀಯಲ್ಲ? ಅವತ್ತು ರಾತ್ರಿ ನಮ್ಮ ಸರದಿ ಇದೆ. ಅಪ್ಪನ ಬ್ಯಾಟರಿಯ ಸೆಲ್ಲು ಮುಗಿದಿದೆ, ದೇವರಾಜ ಮಾರ್ಕೆಟ್ ಕಡೆ ಹೋದರೆ ದೊಡ್ಡ ಸೆಲ್ಲು ಮೂರು ತಗೊಂಡು ಬಾ.

ನಿನ್ನ ಹಳೇ ಬೆಂಚಿನ ಗೆಳೆಯ,
ಮಂಡ್ಯ