ಟೆಸ್ಟೋಸ್ಟೆರಾನ್ ಚಿಕಿತ್ಸೆ: ಪ್ರಮಾಣದ ಹದದ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೇ,

ಪುರುಷರಲ್ಲಿ ಗಂಡು ಹಾರ್ಮೋನಾದ ಟೆಸ್ಟೋಸ್ಟೆರಾನ್ ಕೊರತೆಯ ಬಗ್ಗೆ ಆರೋಗ್ಯ ಪುಟಗಳಲ್ಲಿ ಬರಹಗಳು ಬರುತ್ತಿರುವುದು ಸಂತೋಷದ ಸಂಗತಿ. ಸಂಕೋಚದಿಂದ ಬಾಯಿಬಿಡದ ಎಷ್ಟೋ ಗಂಡಸರಿಗೆ ಅವು ಧೈರ್ಯ ಕೊಡುತ್ತವೆ. ಆದರೆ ಹೆಚ್ಚಿನ ಲೇಖನಗಳು ಲಕ್ಷಣಗಳನ್ನು ಹೇಳಿ, ಚಿಕಿತ್ಸೆ ಇದೆ ಎಂಬಲ್ಲಿಗೆ ನಿಂತುಬಿಡುತ್ತವೆ. ಚಿಕಿತ್ಸೆ ಶುರುವಾದ ಮೇಲೆ ಹಾರ್ಮೋನನ್ನು ಹದದಲ್ಲಿ ಇರಿಸಿಕೊಳ್ಳುವುದು ಹೇಗೆಂಬುದು ವರ್ಷಗಟ್ಟಲೆ ಎದುರಿಸಬೇಕಾದ ಪ್ರಶ್ನೆಯಾಗಿದ್ದರೂ ಅದರ ಪ್ರಸ್ತಾಪವೇ ಇರುವುದಿಲ್ಲ.

ದಣಿವು, ನಿರುತ್ಸಾಹ, ಲೈಂಗಿಕ ನಿರಾಸಕ್ತಿಗಳು ಬೊಜ್ಜು, ನಿದ್ರಾಹೀನತೆ ಅಥವಾ ಖಿನ್ನತೆಯಿಂದಲೂ ಬರಬಹುದು. ಆದ್ದರಿಂದಲೇ ಲಕ್ಷಣಗಳಿರುವುದರ ಜೊತೆಗೆ, ಎರಡು ಬೇರೆ ಬೇರೆ ದಿನ ಬೆಳಗಿನ ಹೊತ್ತು ತೆಗೆದ ರಕ್ತದಲ್ಲಿ ಟೆಸ್ಟೋಸ್ಟೆರಾನ್ ಕಡಿಮೆಯಿದ್ದರೆ ಮಾತ್ರ ಕೊರತೆಯೆನ್ನಬೇಕೆಂದು ತಜ್ಞರು ಹೇಳುತ್ತಾರೆ. ಅಮೆರಿಕದ ಮೂತ್ರಾಂಗ ತಜ್ಞರ ಸಂಘದ 2018ರ ಮಾರ್ಗಸೂಚಿಯಂತೆ, ಪ್ರತಿ ಡೆಸಿಲೀಟರ್‌ಗೆ 300 ನ್ಯಾನೋಗ್ರಾಂಗಿಂತ ಕೆಳಗಿನದು ಕೊರತೆ. ಚಿಕಿತ್ಸೆಯಲ್ಲಿ ತಲುಪಬೇಕಾದದ್ದು 450ರಿಂದ 600.

ಈ ಅಂಕಿಯೂ ರಕ್ತ ಕೊಟ್ಟ ದಿನವನ್ನು ಅವಲಂಬಿಸಿದೆ ಎಂಬುದನ್ನು ಬಹಳ ಮಂದಿಗೆ ಯಾರೂ ಹೇಳುವುದಿಲ್ಲ. ಎರಡು ವಾರಕ್ಕೊಮ್ಮೆ ಇಂಜೆಕ್ಷನ್ ತೆಗೆದುಕೊಳ್ಳುವವರಲ್ಲಿ ಮೊದಲ ಕೆಲವು ದಿನ ಹಾರ್ಮೋನು ಸಹಜ ಮಿತಿಯನ್ನೂ ದಾಟಿ ಏರಬಹುದು. ಮುಂದಿನ ಇಂಜೆಕ್ಷನ್ ಹತ್ತಿರ ಬರುವಷ್ಟರಲ್ಲಿ ಇಳಿದು, ಹಳೆಯ ಆಯಾಸ, ಸಿಡುಕು ಮರಳಬಹುದು. ಇಂಜೆಕ್ಷನ್ ಆದ ಮೂರನೆಯ ದಿನ ಪರೀಕ್ಷಿಸಿದರೆ ಡೋಸ್ ಜಾಸ್ತಿಯೆಂದೂ, ಹದಿಮೂರನೆಯ ದಿನ ಪರೀಕ್ಷಿಸಿದರೆ ಸಾಲದೆಂದೂ ಅದೇ ವ್ಯಕ್ತಿಯ ವರದಿ ಹೇಳೀತು. ಇಂಥ ಏರಿಳಿತಕ್ಕೆ ಡೋಸ್ ಹೆಚ್ಚಿಸುವುದು ಪರಿಹಾರವಲ್ಲ. ಅರ್ಧ ಪ್ರಮಾಣವನ್ನು ವಾರಕ್ಕೊಮ್ಮೆ ಕೊಟ್ಟರೆ ಅನೇಕರಿಗೆ ಸರಿಹೋಗುತ್ತದೆ. ಕೊನೆಯ ಇಂಜೆಕ್ಷನ್ ಯಾವತ್ತಾಯಿತೆಂದು ಕೇಳದೆ ವರದಿ ಓದುವ ವೈದ್ಯರು ಇರಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ದಿನವೂ ಹಚ್ಚುವ ಜೆಲ್‌ನಲ್ಲಿ ಏರಿಳಿತ ಕಡಿಮೆ, ನಿಜ. ಆದರೆ ಹಚ್ಚಿದ ಹೆಗಲಿಗೆ ಮಗು ಮುಖವೊತ್ತಿ ಮಲಗಿದರೆ ಔಷಧ ಮಗುವಿನ ಮೈಗೂ ಸೇರುತ್ತದೆ. ಮಕ್ಕಳಲ್ಲಿ ಅಕಾಲ ಪ್ರೌಢತೆಯ ಚಿಹ್ನೆಗಳು ಕಂಡದ್ದರಿಂದ 2009ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಜೆಲ್‌ಗಳ ಮೇಲೆ ಕಟ್ಟುನಿಟ್ಟಿನ ಎಚ್ಚರಿಕೆ ಮುದ್ರಿಸುವಂತೆ ಆದೇಶಿಸಿತು.

ಹಾರ್ಮೋನು ಹೆಚ್ಚಾದರೆ ಕೆಂಪು ರಕ್ತಕಣಗಳೂ ಹೆಚ್ಚಿ ರಕ್ತ ಮಂದವಾಗುತ್ತದೆ. ರಕ್ತದಲ್ಲಿ ಕೆಂಪು ಕಣಗಳ ಪಾಲೆಷ್ಟೆಂದು ಹೇಳುವ ಹೆಮಟೋಕ್ರಿಟ್ ಶೇ 54 ದಾಟಿದರೆ ಔಷಧ ನಿಲ್ಲಿಸುವುದೋ ಕಡಿಮೆ ಮಾಡುವುದೋ ಅನಿವಾರ್ಯ. ಟೆಸ್ಟೋಸ್ಟೆರಾನ್‌ನ ಒಂದು ಅಂಶ ದೇಹದಲ್ಲೇ, ಹೆಣ್ಣು ಹಾರ್ಮೋನೆಂದು ಹೆಸರಾದ ಈಸ್ಟ್ರೋಜೆನ್ ಆಗಿ ಬದಲಾಗುತ್ತದೆ. ಅದನ್ನು ಶತ್ರುವೆಂದು ಬಗೆದು, ವ್ಯಾಯಾಮಶಾಲೆಯ ಗೆಳೆಯರ ಮಾತು ಕೇಳಿ, ಮಾತ್ರೆಯಿಂದ ಪೂರ್ತಿ ತಡೆಯುವವರಿದ್ದಾರೆ. ಆದರೆ ಮೂಳೆಯ ಗಟ್ಟಿತನಕ್ಕೂ ಲೈಂಗಿಕ ಆಸಕ್ತಿಗೂ ಗಂಡಸಿಗೆ ಈಸ್ಟ್ರೋಜೆನ್ ಬೇಕೇ ಬೇಕು.

ಎಲ್ಲಕ್ಕಿಂತ ಕಳವಳದ ವಿಷಯ ಸಂತಾನದ್ದು. ಹೊರಗಿನಿಂದ ಹಾರ್ಮೋನು ಬಂದೊಡನೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ವೃಷಣಗಳಿಗೆ ಸಂಕೇತ ಕಳಿಸುವುದನ್ನು ತಗ್ಗಿಸುತ್ತದೆ. ವೀರ್ಯಾಣುಗಳು ಕುಸಿದು ಇಲ್ಲವಾಗಲೂಬಹುದು, ಔಷಧ ಬಿಟ್ಟ ಮೇಲೆ ಚೇತರಿಕೆಗೆ ತಿಂಗಳುಗಳೇ ಬೇಕು. ಮಕ್ಕಳಾಗಬೇಕೆಂದು ಬಯಸುವ ಯುವಕನಿಗೆ ಇದನ್ನು ಮೊದಲ ಭೇಟಿಯಲ್ಲೇ ಹೇಳದಿರುವುದು ಅನ್ಯಾಯ.

ಹಾಗೆಂದು ಹೆದರಿಸುವುದೂ ತಪ್ಪು. ಹೃದ್ರೋಗವಿದ್ದ ಅಥವಾ ಅದರ ಅಪಾಯ ಹೆಚ್ಚಿದ್ದ 5 ಸಾವಿರಕ್ಕೂ ಹೆಚ್ಚು ಪುರುಷರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಟ್ರಾವರ್ಸ್ ಅಧ್ಯಯನದಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳು ಚಿಕಿತ್ಸೆಯಿಂದ ಹೆಚ್ಚಾಗಲಿಲ್ಲ. ಆದರೆ ಹೃದಯ ಬಡಿತದ ಏರುಪೇರು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವಿಕೆ ತುಸು ಹೆಚ್ಚು ಕಂಡವು.

ಮುಂದೆ ಈ ವಿಷಯದ ಲೇಖನ ಪ್ರಕಟಿಸುವಾಗ ಹೆಮಟೋಕ್ರಿಟ್, ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಯ ಆರೋಗ್ಯ ತಿಳಿಸುವ ರಕ್ತಪರೀಕ್ಷೆ), ಟೆಸ್ಟೋಸ್ಟೆರಾನ್ ಪರೀಕ್ಷೆಗಳನ್ನು ಚಿಕಿತ್ಸೆಯ ಮೊದಲ ತಿಂಗಳುಗಳಲ್ಲೂ ಆಮೇಲೆ ನಿಯತವಾಗಿಯೂ ಯಾವಾಗ ಮಾಡಿಸಬೇಕು, ಇಂಜೆಕ್ಷನ್ನಿನ ಎಷ್ಟನೆಯ ದಿನ ರಕ್ತ ಕೊಡಬೇಕು ಎಂಬ ವಿವರವನ್ನು ಹಾರ್ಮೋನು ತಜ್ಞರಿಂದ ಬರೆಸಿ ಜೊತೆಗೇ ಮುದ್ರಿಸಬೇಕೆಂದು ವಿನಂತಿಸುತ್ತೇನೆ.

ಇತಿ,
ಓರ್ವ ಓದುಗ