ರಾಘುವಿಗೆ, ರಾಕೀಸ್ ತಂಡದ ಚಳಿಗಾಲಗಳ ಬಗ್ಗೆ

ಡೆನ್ವರ್, ನವೆಂಬರ್ 2025

ಪ್ರೀತಿಯ ರಾಘು,

"ಒಂದೇ ಸೀಸನ್ನಿನಲ್ಲಿ 119 ಪಂದ್ಯ ಸೋಲೋದು ಅಂದ್ರೆ ಹೇಗೋ?" ಅಂತ ಕೇಳಿದ್ದೆಯಲ್ಲ, ಅದು ಮೆಸೇಜಿನಲ್ಲಿ ಹೇಳಿ ಮುಗಿಸುವ ಮಾತಲ್ಲ. ಸಾವಧಾನವಾಗಿ ಬರೆಯುತ್ತಿದ್ದೇನೆ, ಓದು.

ಇಲ್ಲಿಯ ಬೇಸ್‌ಬಾಲ್ ತಂಡ ಕೊಲರಾಡೊ ರಾಕೀಸ್ ಈ ವರ್ಷ 162 ಪಂದ್ಯ ಆಡಿ 43 ಗೆದ್ದಿತು. ಹೊಡೆದ ರನ್ 597, ಬಿಟ್ಟುಕೊಟ್ಟದ್ದು 1,021. ಅಂದರೆ 424 ರನ್ ಕೊರತೆ. ಕಳೆದ ನೂರಿಪ್ಪತ್ತೈದು ವರ್ಷದಲ್ಲಿ ಯಾವ ತಂಡಕ್ಕೂ ಇಷ್ಟು ರನ್ ಕೊರತೆ ಬಂದಿರಲಿಲ್ಲ. ಮೇ 10ರಂದು ತವರಿನಲ್ಲೇ ಸ್ಯಾನ್ ಡಿಯಾಗೊ ಎದುರು 21-0 ಸೋಲು. ಮಾರನೇ ದಿನ ಗೆದ್ದರು, ಗೆದ್ದ ಮೇಲೆ ಮ್ಯಾನೇಜರ್ (ಕ್ರಿಕೆಟ್ಟಿನ ಕೋಚ್ ಇದ್ದ ಹಾಗೆ) ಬಡ್ ಬ್ಲ್ಯಾಕ್ ಅವರನ್ನು ತೆಗೆದರು. ಆಗ ಲೆಕ್ಕ 7 ಗೆಲುವು, 33 ಸೋಲು. ಮೈದಾನಕ್ಕಿಳಿದ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ ಮಾರಾಯ. ಪಂದ್ಯವೇ ಇಲ್ಲದ ನವೆಂಬರ್‌ನಿಂದ ಮಾರ್ಚ್‌ವರೆಗೆ ಕಚೇರಿಯಲ್ಲಿ ಕೂತು ತೀರ್ಮಾನ ತೆಗೆದುಕೊಂಡವರ ಮೇಲೆ ಸಿಟ್ಟು.

ಅದು ಅರ್ಥವಾಗಬೇಕಾದರೆ ಮೊದಲು ಈ ಊರಿನ ಗಾಳಿ ಅರ್ಥವಾಗಬೇಕು. ಬೆಂಗಳೂರು ಸಮುದ್ರಮಟ್ಟದಿಂದ 920 ಮೀಟರ್ ಎತ್ತರ, ಡೆನ್ವರ್ 1,600. ಚಿನ್ನಸ್ವಾಮಿಯಲ್ಲಿ ಬ್ಯಾಟಿನ ಅಂಚಿಗೆ ತಗುಲಿದ್ದೂ ಹಗ್ಗ ದಾಟುವುದನ್ನು ನೋಡಿ ಬೆಳೆದವನು ನೀನು. ಅಲ್ಲಿ ಬೌಂಡರಿ ಚಿಕ್ಕದು, ಎತ್ತರದ್ದೂ ಒಂದು ಪಾಲು. ಇಲ್ಲಿ ಎತ್ತರವೇ ಎಲ್ಲ. ಗಾಳಿಯ ಸಾಂದ್ರತೆ ಕಡಲತೀರದ ಊರುಗಳಿಗಿಂತ ಹೆಚ್ಚು ಕಡಿಮೆ ಶೇ 18ರಷ್ಟು ಕಮ್ಮಿ. ಹೊಡೆದ ಚೆಂಡು ದೂರ ಹೋಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಅದಕ್ಕಿಂತ ದೊಡ್ಡ ತೊಂದರೆ, ಎಸೆದ ಚೆಂಡು ಬಾಗುವುದಿಲ್ಲ. ತಿರುಗುವ ಚೆಂಡಿನ ಹೊಲಿಗೆ ಗಾಳಿಯನ್ನು ಒಂದು ಕಡೆಗೆ ತಳ್ಳಿದಾಗಲೇ ಚೆಂಡು ಇನ್ನೊಂದು ಕಡೆಗೆ ವಾಲುವುದು; ತಳ್ಳಲು ಗಾಳಿಯೇ ಸಾಲದಿದ್ದರೆ? ಕಡಲಮಟ್ಟದಲ್ಲಿ 18 ಇಂಚು ಬಾಗುವ ಕರ್ವ್‌ಬಾಲ್ ಇಲ್ಲಿ 15 ಇಂಚಿನ ಆಸುಪಾಸಿಗೇ ನಿಲ್ಲುತ್ತದೆ. ಮೂರೇ ಇಂಚು ತಾನೇ ಅನ್ನಬೇಡ. ಬೇಸ್‌ಬಾಲ್ ಬ್ಯಾಟಿನ ಅತಿ ದಪ್ಪ ಜಾಗದ ಅಡ್ಡಳತೆಯೇ 2.6 ಇಂಚು. ಬೇರೆ ಊರಿನಲ್ಲಿ ಬ್ಯಾಟಿನ ಕೆಳಗೆ ನುಸುಳಿ ಹೋಗುತ್ತಿದ್ದ ಚೆಂಡು ಇಲ್ಲಿ ಸರಿಯಾಗಿ ನಡುಬ್ಯಾಟಿಗೆ ಬಂದು ಕೂರುತ್ತದೆ.

2002ರಿಂದ ಚೆಂಡುಗಳನ್ನು 21 ಡಿಗ್ರಿ ಉಷ್ಣತೆ, ಶೇ 50 ತೇವಾಂಶದ ಕೋಣೆಯಲ್ಲಿಟ್ಟು ಆಡಿಸುತ್ತಾರೆ. ಇಲ್ಲಿಯ ಒಣ ಹವೆಗೆ ಚರ್ಮ ಬಿರುಸಾಗಿ ಬೆರಳಿಗೆ ಹಿಡಿತ ಸಿಗುತ್ತಿರಲಿಲ್ಲ, ಬ್ಯಾಟಿಗೆ ತಗುಲಿದರೆ ಚೆಂಡು ಚಿಮ್ಮುತ್ತಿತ್ತು. ಆ ಎರಡೂ ಎಷ್ಟೋ ಸುಧಾರಿಸಿದವು. ಗಾಳಿಯನ್ನು ಮಾತ್ರ ಯಾವ ಕೋಣೆಯೂ ದಪ್ಪ ಮಾಡಲಾರದು. ನಮ್ಮ ಸಿಕ್ಸರಿನ ಹಾಗೆ ಗೋಡೆ ದಾಟುವ ಹೋಮ್‌ರನ್ ತಗ್ಗಲಿ ಅಂತ ಮೈದಾನವನ್ನು ಮೊದಲೇ ದೊಡ್ಡದಾಗಿ ಕಟ್ಟಿದ್ದರು, ನಡುವಿನ ಗೋಡೆ 415 ಅಡಿ ದೂರ. ಅಷ್ಟು ಅಗಲವನ್ನು ಮೂರೇ ಫೀಲ್ಡರ್‌ಗಳು ಕಾಯಬೇಕು. ಮಧ್ಯದ ಖಾಲಿ ಜಾಗದಲ್ಲಿ ಚೆಂಡು ಬೀಳುತ್ತಲೇ ಇರುತ್ತದೆ.

ಹಾಗಂತ ಇಲ್ಲಿ ಪಿಚಿಂಗ್, ಅಂದರೆ ಬ್ಯಾಟರ್‌ಗೆ ಚೆಂಡೆಸೆಯುವ ಕೆಲಸ, ಅಸಾಧ್ಯ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. 2010ರಲ್ಲಿ ರಾಕೀಸ್ ಪಿಚರ್ ಉಬಾಲ್ಡೊ ಹಿಮೆನೆಸ್ 19 ಪಂದ್ಯ ಗೆದ್ದು 8 ಸೋತರು, ಒಂಬತ್ತು ಇನ್ನಿಂಗ್ಸ್‌ಗೆ, ಅಂದರೆ ಒಂದು ಪೂರ್ತಿ ಪಂದ್ಯಕ್ಕೆ, ಬಿಟ್ಟುಕೊಟ್ಟ ರನ್ ಸರಾಸರಿ 2.88. 2018ರಲ್ಲಿ ಇದೇ ಊರಿನ ಹುಡುಗ ಕೈಲ್ ಫ್ರೀಲ್ಯಾಂಡ್ 17 ಗೆದ್ದು 7 ಸೋತರು, ಸರಾಸರಿ 2.85. ನಾಲ್ಕರ ಹತ್ತಿರ ಇದ್ದರೂ ಪರವಾಗಿಲ್ಲ ಅನ್ನುವ ಆಟ ಇದು, ನೆನಪಿರಲಿ. ಬಂದೂಕಿನ ಗುಂಡಿನ ಹಾಗೆ ತನ್ನ ದಾರಿಯ ಸುತ್ತಲೇ ಗಿರಕಿ ಹೊಡೆಯುವ ಸ್ಲೈಡರ್, ವೇಗದಲ್ಲಿ ಮೋಸ ಮಾಡುವ ಚೇಂಜಪ್, ಇಂಥವು ಗಾಳಿಯ ಹಂಗಿನಲ್ಲಿ ಅಷ್ಟಾಗಿ ಇಲ್ಲ. ಆ ಅಸ್ತ್ರಗಳಿರುವವರನ್ನೇ ಹುಡುಕಿ ಚಿಕ್ಕಂದಿನಿಂದ ಪಳಗಿಸಬೇಕು. ಹೊರಗಿನಿಂದ ಕೊಳ್ಳುವುದು ಕಷ್ಟ. ಒಮ್ಮೆ ಪ್ರಯತ್ನಿಸಿ ಕೈಸುಟ್ಟುಕೊಂಡಿದ್ದಾರೆ: 2000ದ ಡಿಸೆಂಬರ್‌ನಲ್ಲಿ ಪಿಚರ್ ಮೈಕ್ ಹ್ಯಾಂಪ್ಟನ್‌ಗೆ 8 ವರ್ಷಕ್ಕೆ 12.1 ಕೋಟಿ ಡಾಲರ್ ಬರೆದುಕೊಟ್ಟರು. ಅವರ ಸರಾಸರಿ ಮೊದಲ ವರ್ಷ 5.41, ಎರಡನೇ ವರ್ಷ 6.15, ಆಮೇಲೆ ಬೇರೆ ತಂಡಕ್ಕೆ ಸಾಗಹಾಕಿದರು. ಒಳ್ಳೆಯ ಪಿಚರ್ ತಾನಾಗಿ ಈ ಊರಿಗೆ ಬರುವುದೂ ಇಲ್ಲ, ಅವನ ಅಂಕಿಅಂಶ ಹಾಳಾಗಿ ಮುಂದಿನ ಒಪ್ಪಂದದ ಬೆಲೆ ಬೀಳುತ್ತದೆ.

ಹೀಗಿರುವಾಗ ಮನೆಯಲ್ಲೇ ಬೆಳೆದ ಪಿಚರನ್ನು ಕಣ್ಣಿಗೆ ರೆಪ್ಪೆಯ ಹಾಗೆ ಕಾಪಾಡಬೇಕು, ಅಲ್ಲವಾ? 2021-22ರ ಚಳಿಗಾಲದಲ್ಲಿ ಏನು ಮಾಡಿದರು ನೋಡು. ಜಾನ್ ಗ್ರೇ, 2013ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ವ್ಯವಸ್ಥೆ) ಮೂರನೆಯವರಾಗಿ ಆರಿಸಿ ಬೆಳೆಸಿದ ಪಿಚರ್, ಒಪ್ಪಂದ ಮುಗಿಸಿದರು. ತಂಡದ ಮುಂದೆ ಮೂರು ದಾರಿಯಿದ್ದವು. ಜುಲೈನಲ್ಲೇ ಬೇರೆ ತಂಡಕ್ಕೆ ಕೊಟ್ಟು ಇಬ್ಬರು ಮೂವರು ಕಿರಿಯರನ್ನು ತರಬಹುದಿತ್ತು. ಇಲ್ಲವೇ ಒಪ್ಪಂದ ಮುಂದುವರಿಸಬಹುದಿತ್ತು. ಎರಡೂ ಆಗದಿದ್ದರೆ ಲೀಗ್ ನಿಗದಿ ಮಾಡಿದ ಒಂದು ವರ್ಷದ ಕ್ವಾಲಿಫೈಯಿಂಗ್ ಆಫರ್, ಆ ವರ್ಷ 1.84 ಕೋಟಿ ಡಾಲರ್, ಮುಂದಿಡಬಹುದಿತ್ತು. ಆಟಗಾರ ಅದನ್ನು ತಿರಸ್ಕರಿಸಿ ಹೋದರೆ ಬದಲಿಗೆ ಡ್ರಾಫ್ಟ್ ಅವಕಾಶವೊಂದು ಸಿಗುತ್ತದೆ. ಮೂರರಲ್ಲಿ ಒಂದೂ ಆಗಲಿಲ್ಲ. ಗ್ರೇ 4 ವರ್ಷ, 5.6 ಕೋಟಿಗೆ ಟೆಕ್ಸಸ್ ಸೇರಿದರು. ರಾಕೀಸ್ ಕೈಗೆ ಸಿಕ್ಕಿದ್ದು ಸೊನ್ನೆ.

ನಾಲ್ಕು ತಿಂಗಳೂ ಕಳೆದಿರಲಿಲ್ಲ, ಮಾರ್ಚ್ 2022ರಲ್ಲಿ ಕ್ರಿಸ್ ಬ್ರಯಂಟ್‌ಗೆ 7 ವರ್ಷಕ್ಕೆ 18.2 ಕೋಟಿ ಡಾಲರ್! ಬ್ಯಾಟರ್‌ಗೆ, ಅದೂ ಈ ಊರಿನಲ್ಲಿ! ಆಡಿದ ಪಂದ್ಯಗಳು ವರ್ಷವಾರು 42, 80, 37, 11. ನಾಲ್ಕು ಸೀಸನ್ನಿನ 648ರಲ್ಲಿ 170. ಬೆನ್ನುಮೂಳೆಯ ಡಿಸ್ಕ್ ಸವೆತ, ಪಾಪ, ಅದು ಅವರ ತಪ್ಪಲ್ಲ. ಮೂವತ್ತು ದಾಟಿದವರಿಗೆ ಏಳು ವರ್ಷ ಬರೆದುಕೊಟ್ಟವರ ತಪ್ಪು. ಅದಕ್ಕೂ ಒಂದು ವರ್ಷ ಮೊದಲು ತಂಡದ ತಾರೆ ನೋಲನ್ ಅರೆನಾಡೊ ಅವರನ್ನು, ಸುಮಾರು 5 ಕೋಟಿ ಡಾಲರ್ ಕೈಯಿಂದ ಸೇರಿಸಿ, ಸೇಂಟ್ ಲೂಯಿಸ್‌ ತಂಡಕ್ಕೆ ಕೊಟ್ಟದ್ದೂ ಇದೇ ಕಚೇರಿ.

ಇನ್ನು ಕಳೆದ ವರ್ಷದ ನವೆಂಬರ್. ಆ ತಿಂಗಳು ಜೆಡ್ಡಾದಲ್ಲಿ ನಮ್ಮ ಆರ್‌ಸಿಬಿ ಏನು ಮಾಡಿತು ನೆನಪಿದೆಯಾ? ಹೇಜಲ್‌ವುಡ್‌ಗೆ 12.50 ಕೋಟಿ, ಭುವನೇಶ್ವರ್‌ಗೆ 10.75 ಕೋಟಿ ರೂಪಾಯಿ. ಬ್ಯಾಟಿಂಗ್ ಹುಚ್ಚನ್ನು ಬದಿಗಿಟ್ಟು ಬೌಲಿಂಗ್‌ಗೆ ದುಡ್ಡು ಹಾಕಿದರು, ಜೂನ್‌ನಲ್ಲಿ ಕಪ್ ಬಂತು. ಅದೇ ನವೆಂಬರ್‌ನಲ್ಲಿ ರಾಕೀಸ್, ಹಿಂದಿನ ಸೀಸನ್ನಿನಲ್ಲಿ 148 ಇನ್ನಿಂಗ್ಸ್ ಎಸೆದಿದ್ದ ಕ್ಯಾಲ್ ಕ್ವಾಂಟ್ರಿಲ್ ಅವರನ್ನು ಬಿಟ್ಟುಬಿಟ್ಟಿತು. ಅವರೇನು ಮಹಾ ಪಿಚರ್ ಅಲ್ಲ, ಆದರೆ ಅಷ್ಟು ಇನ್ನಿಂಗ್ಸ್ ಹೊರುವ ಹೆಗಲು ಇನ್ನೊಂದು ಬೇಕಿತ್ತಲ್ಲ. ಅದರ ಬದಲು ಬಂದವರು ಟೈರೊ ಎಸ್ಟ್ರಾಡಾ, ಕೈಲ್ ಫಾರ್ಮರ್. ತಲಾ 32.5 ಲಕ್ಷ ಡಾಲರ್, ಇಬ್ಬರೂ ಪಿಚರ್‌ಗಳಲ್ಲ, ಇನ್‌ಫೀಲ್ಡ್ ಆಟಗಾರರು. ಎಸ್ಟ್ರಾಡಾ ಮಾರ್ಚ್‌ನ ಅಭ್ಯಾಸ ಪಂದ್ಯದಲ್ಲೇ ಮಣಿಕಟ್ಟು ಮುರಿದುಕೊಂಡರು. ಈ ಸೀಸನ್ನಿನಲ್ಲಿ ಸ್ಟಾರ್ಟಿಂಗ್ ಪಿಚರ್‌ಗಳ, ಅಂದರೆ ಪಂದ್ಯದ ಮೊದಲಿನಿಂದ ಎಸೆಯುವವರ, ಒಟ್ಟು ಸರಾಸರಿ 6.65 ಆಯಿತು. 1913ರಲ್ಲಿ ಈ ಲೆಕ್ಕ ಅಧಿಕೃತವಾದ ಮೇಲೆ ಇದಕ್ಕಿಂತ ಕೆಟ್ಟದ್ದಿಲ್ಲ.

ತಂಡಕ್ಕೆ ಯಾಕೆ ಬಿಸಿ ಮುಟ್ಟುವುದಿಲ್ಲ ಅಂದರೆ, ಜನ ಬರುತ್ತಲೇ ಇರುತ್ತಾರೆ. 119 ಸೋತ ಈ ವರ್ಷವೂ ತವರಿಗೆ ಬಂದವರು ಸುಮಾರು 24 ಲಕ್ಷ. ಬೇಸಿಗೆಯ ಸಂಜೆ, ಎದುರಿಗೆ ಬೆಟ್ಟಸಾಲು, ಊರ ನಡುವಿನ ಮೈದಾನ. ಕಚೇರಿಯಲ್ಲೂ ಹೊಸಬರಿಗೆ ಜಾಗವಿರಲಿಲ್ಲ. ಜನರಲ್ ಮ್ಯಾನೇಜರ್ ಬಿಲ್ ಶ್ಮಿಟ್ ಈ ಅಕ್ಟೋಬರ್‌ನಲ್ಲಿ ಇಳಿಯುವವರೆಗೆ ಕಾಲು ಶತಮಾನ ಇದೇ ಸಂಸ್ಥೆಯಲ್ಲಿದ್ದವರು.

ಈಗ ಪಾಲ್ ಡಿಪೊಡೆಸ್ಟಾ ಬಂದಿದ್ದಾರೆ. ಸುಮಾರು ಹತ್ತು ವರ್ಷ ಕ್ಲೀವ್‌ಲ್ಯಾಂಡಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿದ್ದವರು, ಅದಕ್ಕೂ ಮೊದಲು ಓಕ್‌ಲ್ಯಾಂಡ್ ಬೇಸ್‌ಬಾಲ್ ತಂಡದ ಲೆಕ್ಕಾಚಾರದ ಮಿದುಳುಗಳಲ್ಲಿ ಒಬ್ಬರು. 1999ರಲ್ಲಿ ಡ್ಯಾನ್ ಓಡೌಡ್ ಬಂದ ಮೇಲೆ ಚುಕ್ಕಾಣಿಗೆ ಹೊರಗಿನವರು ಬರುತ್ತಿರುವುದು ಇದೇ ಮೊದಲು. ನಾನು ಅವರಿಂದ ದೊಡ್ಡ ಹೆಸರಿನ ಬ್ಯಾಟರನ್ನು ಬಯಸುತ್ತಿಲ್ಲ. ಚೇಸ್ ಡೊಲಾಂಡರ್ ಎಂಬ ಪಿಚರ್ ಹುಡುಗ ಇದ್ದಾನೆ, ಇದೇ ವರ್ಷ ಮೊದಲ ಸಲ ಆಡಿದ. ಹೊರಗಿನ ಮೈದಾನಗಳಲ್ಲಿ ಅವನ ಸರಾಸರಿ ನಾಲ್ಕಕ್ಕಿಂತ ಕಡಿಮೆ, ತವರಿನಲ್ಲಿ ಹತ್ತಿರ ಹತ್ತಿರ ಹತ್ತು. ಅದೇ ತೋಳು, ಅದೇ ಎಸೆತ. ಆ ಹುಡುಗನಿಗೆ ಈ ಗಾಳಿಗೆ ಹೊಂದುವ ಇನ್ನೊಂದು ಎಸೆತ ಕಲಿಸುವ ಕೋಚ್‌ಗಳು, ಅದನ್ನು ಅಳೆಯುವ ಕ್ಯಾಮೆರಾಗಳು, ಜೊತೆಗೆ 150 ಇನ್ನಿಂಗ್ಸ್ ಹೊರುವ ಇಬ್ಬರು ಸಾಧಾರಣ ಸ್ಟಾರ್ಟರ್‌ಗಳು ಒಂದೊಂದು ವರ್ಷದ ಒಪ್ಪಂದಕ್ಕೆ. ಈ ಚಳಿಗಾಲಕ್ಕೆ ಇಷ್ಟು ಸಾಕು.

ಮೇ ತಿಂಗಳಲ್ಲಿ ಬರುವುದು ಖಂಡಿತ ತಾನೇ? ಮೇಲಿನ ಸ್ಟ್ಯಾಂಡಿನಲ್ಲಿ ಹಸಿರು ಕುರ್ಚಿಗಳ ನಡುವೆ ನೇರಳೆ ಬಣ್ಣದ ಒಂದೇ ಸಾಲಿದೆ, ಸರಿಯಾಗಿ 5,280 ಅಡಿ, ಒಂದು ಮೈಲಿ ಎತ್ತರ. ಅಲ್ಲಿ ಕೂತು ಫೋಟೊ ತೆಗೆಸಿಕೋ. ಪಂದ್ಯ ನೋಡುವುದಕ್ಕೆ ಮಾತ್ರ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟಿನ ಹಿಂದೆಯೇ ಟಿಕೆಟ್ ತೆಗೆಸುತ್ತೇನೆ. ಬಾಗಬೇಕಾದ ಚೆಂಡು ಬಾಗದೆ ಬರುವುದು ಅಲ್ಲಿಂದಲೇ ಕಾಣುವುದು.

ನಿನ್ನ ಗೆಳೆಯ