ಗೋ ಅರೌಂಡ್ ಅಂದರೆ ದುರಂತ ಅಲ್ಲ ಸ್ವಾಮಿ

ಮಾನ್ಯ ಸಂಪಾದಕರೇ,

ಮುಂಬೈಯಿಂದ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣಕ್ಕೆ ಬರುತ್ತಿದ್ದ ವಿಮಾನದ ಸುದ್ದಿಯನ್ನು ನಿನ್ನೆ ನೀವು ಮುಖಪುಟದಲ್ಲಿ ಹಾಕಿದ್ದೀರಿ. ‘ಬಜ್ಪೆ: ಕೂದಲೆಳೆಯಲ್ಲಿ ತಪ್ಪಿದ ಭಾರೀ ದುರಂತ’. ಆ ವಿಮಾನದೊಳಗೆ ನಾನೂ ಇದ್ದೆ. ದುರಂತ ತಪ್ಪಬೇಕಾದರೆ ಮೊದಲು ಅದು ಹತ್ತಿರ ಬರಬೇಕಲ್ವಾ? ಆಟಿ ತಿಂಗಳ ಮಳೆ, ರನ್‌ವೇ ಕಾಣಲಿಲ್ಲ, ಪೈಲಟ್ ಇಳಿಸದೆ ಮತ್ತೆ ಮೇಲೇರಿಸಿದರು. ಇದೇ ಗೋ ಅರೌಂಡ್. ಸಾಮಾನ್ಯ ಐಎಲ್‌ಎಸ್ (ರೇಡಿಯೋ ಸಂಕೇತದಿಂದ ವಿಮಾನಕ್ಕೆ ಇಳಿಯುವ ದಾರಿ ತೋರಿಸುವ ವ್ಯವಸ್ಥೆ) ಇರುವ ಕಡೆ ನೆಲದಿಂದ ಸುಮಾರು 200 ಅಡಿಗೆ ಬರುವಷ್ಟರಲ್ಲಿ ರನ್‌ವೇಯೋ ಅದರ ದೀಪಗಳೋ ಕಣ್ಣಿಗೆ ಬೀಳಬೇಕು. ಬೀಳದಿದ್ದರೆ ಮೇಲೆ ಹೋಗಲೇಬೇಕು. ಅದು ನಿಯಮ. ಪವಾಡವೂ ಅಲ್ಲ, ಸಾಹಸವೂ ಅಲ್ಲ.

ಹೆದರಿಕೆ ಆಗಲಿಲ್ಲ ಅನ್ನುವುದಿಲ್ಲ. ಕಿಟಕಿ ತುಂಬ ಬರೀ ಬಿಳಿ. ಒಮ್ಮೆಲೇ ಎಂಜಿನ್ ಅಬ್ಬರಿಸಿತು, ಬೆನ್ನು ಸೀಟಿಗೆ ಒತ್ತಿಕೊಂಡಿತು, ಕಾಲಡಿಯಲ್ಲಿ ಚಕ್ರ ಒಳಸೇರುವ ಗಡಗಡ ಸದ್ದು. ಪಕ್ಕದ ಸೀಟಿನ ಅಜ್ಜಿ ನನ್ನ ಮುಂಗೈ ಹಿಡಿದವರು ಬಿಡಲೇ ಇಲ್ಲ. ಅವರ ಬಳೆಯ ಗುರುತು ಇನ್ನೂ ಇದೆ. ಎಷ್ಟೋ ಹೊತ್ತಾದ ಮೇಲೆ ಮೈಕಿನಲ್ಲಿ ಇಂಗ್ಲಿಷಿನ ಒಂದು ಸಾಲು: ಆಪರೇಷನಲ್ ಕಾರಣದಿಂದ ಹೋಲ್ಡ್ ಮಾಡುತ್ತಿದ್ದೇವೆ. ‘ಎಂತ ಹೇಳಿದ್ದು ಮಗಾ?’ ಅಂದರು ಅಜ್ಜಿ. ಹೋಲ್ಡ್ ಅಂದರೆ ಆಕಾಶದಲ್ಲೇ ಗೊತ್ತಾದ ದಾರಿಯಲ್ಲಿ ಸುತ್ತು ಹಾಕುತ್ತಾ ಕಾಯುವುದು, ಒಂದು ಸುತ್ತಿಗೆ ಸುಮಾರು 4 ನಿಮಿಷ ಅಂತ ನಾನೇ ಹೇಳಿದೆ. ವಾಯುಪಡೆಯ ರೇಡಿಯೋ ವಿಭಾಗದಲ್ಲಿದ್ದು ನಿವೃತ್ತನಾದವನು, ಅದಕ್ಕೆ ಗೊತ್ತು. ಉಳಿದವರಿಗೆ ಯಾರು ಹೇಳಬೇಕು?

ಮಳೆ ಬಿಡಲಿಲ್ಲ, ಬೆಂಗಳೂರಿಗೆ ಹೋದೆವು. ನಿಮ್ಮ ವರದಿಗಾರರು ಅದನ್ನು ‘ತುರ್ತು ಭೂಸ್ಪರ್ಶ’ ಮಾಡಿದ್ದಾರೆ. ‘ಇಂಧನ ಖಾಲಿಯಾಗುವ ಆತಂಕ’ ಬೇರೆ! ಪರ್ಯಾಯ ನಿಲ್ದಾಣಕ್ಕೆ ಹೋಗುವಷ್ಟು, ಅದರ ಮೇಲೂ ಅರ್ಧ ಗಂಟೆ ಹಾರುವಷ್ಟು ಇಂಧನ ಹೊರಡುವಾಗಲೇ ಟ್ಯಾಂಕಿನಲ್ಲಿರಬೇಕು. ತುರ್ತು ಅಂತಾದರೆ ಪೈಲಟ್ ರೇಡಿಯೋದಲ್ಲಿ ‘ಮೇಡೇ’ ಅಂತ ಮೂರು ಸಲ ಹೇಳುತ್ತಾರೆ. ಹಾಗೆ ಹೇಳಿದ್ದಾಗಿ ನಿಮ್ಮ ವರದಿಯಲ್ಲೇ ಇಲ್ಲ. ನಮ್ಮದು ಸುಮ್ನೆ ಒಂದು ಡೈವರ್ಷನ್.

ಬಜ್ಪೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? 2010ರ ಮೇ 22ರಂದು ದುಬೈ ವಿಮಾನ ಕೆಂಜಾರು ಕಡೆಯ ಕಣಿವೆಗೆ ಬಿದ್ದು 158 ಮಂದಿ ತೀರಿಕೊಂಡರು. ತನಿಖಾ ವರದಿ ತೆಗೆದು ಓದಿ. ವಿಮಾನ ಬರಬೇಕಾದ್ದಕ್ಕಿಂತ ಎತ್ತರದಲ್ಲಿ ಬರುತ್ತಿತ್ತು. ಸಹ ಪೈಲಟ್ ಮೂರು ಸಲ ‘ಗೋ ಅರೌಂಡ್’ ಅಂದರು. ಕ್ಯಾಪ್ಟನ್ ಕೇಳಲಿಲ್ಲ. 2,450 ಮೀಟರ್ ರನ್‌ವೇಯಲ್ಲಿ ಅರ್ಧಕ್ಕಿಂತ ಜಾಸ್ತಿ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು. ಅಂದು ಆಗದೆ ಹೋದ ಕೆಲಸವನ್ನು ಮೊನ್ನೆ ಈ ಪೈಲಟ್ ಮಾಡಿದರು. ಅವರ ಬೆನ್ನು ತಟ್ಟುವ ಬದಲು ಹೀಗೆ ಬರೆದರೆ, ನಾಳೆ ಇನ್ನೊಬ್ಬರು ಮುಖಪುಟಕ್ಕೆ ಹೆದರಿ ಹೇಗೋ ಇಳಿಸಿಬಿಡೋಣ ಅಂದುಕೊಂಡರೆ?

ಪೈಲಟ್ ಮತ್ತು ಕಂಟ್ರೋಲ್ ಟವರಿನವರು ಮಾತಾಡುವ ರೇಡಿಯೋದಲ್ಲಿ ಒಂದೊಂದು ಮಾತನ್ನೂ ಅಳೆದು ಆಡುತ್ತಾರೆ. 1977ರಲ್ಲಿ ಟೆನೆರಿಫ್‌ನಲ್ಲಿ ಎರಡು ಜಂಬೋ ವಿಮಾನಗಳು ರನ್‌ವೇಯಲ್ಲೇ ಢಿಕ್ಕಿಯಾಗಿ 583 ಜನ ಸತ್ತರು. ‘ಟೇಕಾಫ್’ ಅನ್ನುವ ಮಾತನ್ನು ಪೈಲಟ್ ಒಂದು ರೀತಿ ಹೇಳಿದರು, ಟವರಿನವರು ಇನ್ನೊಂದು ರೀತಿ ತಿಳಿದುಕೊಂಡರು. ಆಮೇಲೆ ಅನುಮತಿ ಕೊಡುವಾಗ ಅಥವಾ ಅದನ್ನು ರದ್ದು ಮಾಡುವಾಗ ಬಿಟ್ಟರೆ ಆ ಮಾತನ್ನು ಬಳಸುವಂತಿಲ್ಲ ಅಂತಾಯಿತು. ನೀವೋ ‘ದುರಂತ’ವನ್ನು ಉಪ್ಪಿನಕಾಯಿ ಹಾಗೆ ಎಲ್ಲ ಎಲೆಗೂ ಬಡಿಸುತ್ತೀರಿ.

ನನ್ನ ಕಥೆ ಕೇಳಿ. ಮಾವನ ಉತ್ತರಕ್ರಿಯೆಗೆಂದು ಹೊರಟವನು. ಬೆಂಗಳೂರಿನಲ್ಲಿ ಬಾಗಿಲು ಮುಚ್ಚಿದ ವಿಮಾನದಲ್ಲೇ ಕೂರಿಸಿದರು, ಒಂದು ಲೋಟ ನೀರಿಗೂ ಗತಿಯಿಲ್ಲ. ಊರು ಮುಟ್ಟುವಾಗ ಊಟದ ಎಲೆ ಎತ್ತಿಯಾಗಿತ್ತು. ಟ್ಯಾಕ್ಸಿಯವನಿಗೆ ವೈಟಿಂಗ್ ಚಾರ್ಜ್. ಪೆಟ್ಟಿಗೆ ಮರುದಿನ ಬಂತು, ಒದ್ದೆಯಾಗಿ. ಇತ್ತ ಟಿವಿಯಲ್ಲೂ ಅದೇ ‘ದುರಂತ’ ನೋಡಿ ನನ್ನಾಕೆ ಕಟೀಲು ಮೇಳದ ಯಕ್ಷಗಾನ ಆಟ ಆಡಿಸುವ ಹರಕೆ ಹೊತ್ತಿದ್ದಾಳೆ. ಸರತಿ ಬರಲು ವರ್ಷಗಟ್ಟಲೆ ಕಾಯಬೇಕು, ಇರಲಿ. ಖರ್ಚು ನೀವು ಕೊಡುತ್ತೀರಾ, ಟಿವಿಯವರು ಕೊಡುತ್ತಾರಾ?

ವಿಮಾನ ಕಂಪನಿಗೆ ದೂರು ಕೊಟ್ಟೆ. ‘ನಿಮ್ಮ ದೂರು ಸ್ವೀಕರಿಸಲಾಗಿದೆ’ ಅಂತ ಮೆಸೇಜ್ ಬಂತು. ರೇಡಿಯೋದಲ್ಲಿ ಇದಕ್ಕೆ ‘ರೋಜರ್’ ಅನ್ನುತ್ತಾರೆ. ಹೇಳಿದ್ದು ಕೇಳಿಸಿತು, ಅಷ್ಟೇ. ಮಾಡುತ್ತೇನೆ ಅನ್ನುವುದಕ್ಕೆ ‘ವಿಲ್ಕೋ’ ಅಂತ ಬೇರೆ ಇದೆ. ನಮ್ಮ ಅಧಿಕಾರಿಗಳೆಲ್ಲ ರೋಜರ್ ಜನ. ನಮ್ಮ ರಸ್ತೆಯ ಬೀದಿದೀಪ ಹೋಗಿ ಕಾಲವಾಯಿತು, ಅರ್ಜಿ ಕೊಟ್ಟರೆ ರೋಜರ್. ಚರಂಡಿ ನೀರು ಅಂಗಳಕ್ಕೆ ಬರುತ್ತದೆ ಅಂದರೆ ರೋಜರ್. ಬಸ್ ತಂಗುದಾಣದ ಶೀಟು ಹಾರಿಹೋಯಿತು ಅಂದರೆ, ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ.

ಹಾಗಾಗಿ ವಿಮಾನ ಕಂಪನಿಯವರು ಕನ್ನಡದಲ್ಲೋ ತುಳುವಿನಲ್ಲೋ ನಾಲ್ಕು ಮಾತು ಆಡಲು ಕಲಿಯಲಿ. ನೀವು ತಿದ್ದುಪಡಿ ಹಾಕಿ, ಮುಖಪುಟದಲ್ಲೇ ಹಾಕಿ. ಸಂಬಂಧಪಟ್ಟವರು ಅಂತ ಯಾರಾದರೂ ಇದ್ದರೆ ಇತ್ತ ಒಮ್ಮೆ ನೋಡಲಿ. ಆ ವರದಿಗಾರರನ್ನು ನಮ್ಮ ಮನೆಗೆ ಕಳಿಸಿ, ಎಲ್ಲ ಹೇಳಿಕೊಡುತ್ತೇನೆ. ಸಂಜೆ ಮೇಲೆ ಬರುವುದಾದರೆ ಟಾರ್ಚ್ ತರಲು ಹೇಳಿ.

– ನೊಂದ ಪ್ರಯಾಣಿಕ, ಕಿನ್ನಿಗೋಳಿ